ಏರ್ ರೈಫಲ್ ಸ್ಟಾಕ್ ಹೊಂದಾಣಿಕೆ ಇನ್ನು ಮುಂದೆ ಶೂಟರ್ ಸಮ್ಮುಖದಲ್ಲಿ ಮಾತ್ರ

ಮಾನ್ಯ ಗ್ರಾಹಕರಿಗೆ, ಪೋಷಕರಿಗೆ ಹಾಗೂ ತರಬೇತುದಾರರಿಗೆ ನಮಸ್ಕಾರಗಳು.

ಬರುವ ಏಪ್ರಿಲ್ 1ರಿಂದ ನಮ್ಮ ಕಾರ್ಯಾಗಾರದಲ್ಲಿ 10 ಮೀಟರ್ ಏರ್ ರೈಫಲ್‌ಗಳ ಸ್ಟಾಕ್ (ಭುಜಕ್ಕೂ ಕೆನ್ನೆಗೂ ಆನಿಸಿ ಹಿಡಿಯುವ ಭಾಗ) ಹೊಂದಾಣಿಕೆಯನ್ನು ಶೂಟರ್ ಖುದ್ದಾಗಿ ಹಾಜರಿದ್ದಾಗ ಮಾತ್ರ ಮಾಡಿಕೊಡಲಾಗುವುದು. ಅಳತೆಯ ನಮೂನೆಯನ್ನು ತುಂಬಿ, ರೈಫಲ್ ಜೊತೆಗೆ ಕೊರಿಯರ್‌ನಲ್ಲಿ ಕಳುಹಿಸುವ ಈಗಿನ ಪದ್ಧತಿ ಮಾರ್ಚ್ 31ಕ್ಕೆ ನಿಲ್ಲುತ್ತದೆ. ಸೀಲ್ ಬದಲಾವಣೆ, ಟ್ರಿಗರ್ ದುರಸ್ತಿ ಮುಂತಾದ ಕೆಲಸಗಳಿಗೆ ರೈಫಲ್‌ಗಳನ್ನು ಹಿಂದಿನಂತೆಯೇ ಕಳುಹಿಸಬಹುದು; ಗಾಳಿ ತುಂಬಿದ ಸಿಲಿಂಡರನ್ನು ಮಾತ್ರ ದಯವಿಟ್ಟು ಕಳುಹಿಸಬಾರದು.

ಹುಬ್ಬಳ್ಳಿ, ಮಂಗಳೂರು, ಮಡಿಕೇರಿಯಂತಹ ಊರುಗಳಿಂದ ಬೆಂಗಳೂರಿಗೆ ಬರಬೇಕಾದವರಿಗೆ ಇದರಿಂದ ಖರ್ಚೂ ಶ್ರಮವೂ ಹೆಚ್ಚುತ್ತದೆ ಎಂಬುದು ನಮಗೆ ತಿಳಿದಿದೆ. ಹಾಗಿದ್ದೂ ಈ ನಿರ್ಧಾರಕ್ಕೆ ಬರಲು ಕಾರಣವೇನೆಂಬುದನ್ನು ವಿವರವಾಗಿ ತಿಳಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ಪತ್ರ ಬರೆಯುತ್ತಿದ್ದೇವೆ.

ಮನೆಯಲ್ಲಿ ಗೋಡೆಗೆ ಒರಗಿ ನಿಂತು ತೆಗೆದ ಅಳತೆ ನೆಟ್ಟಗೆ ನಿಂತ ದೇಹದ್ದು. ಗುರಿ ಹಿಡಿದು ನಿಂತವರ ದೇಹ ಹಾಗಿರುವುದಿಲ್ಲ. ಬಲಗೈ ಶೂಟರ್ ಆದರೆ ಎಡಪಕ್ಕೆಯನ್ನು ಗುರಿಯ ಕಡೆಗೆ ತಿರುಗಿಸಿ, ಎಡ ಸೊಂಟವನ್ನು ರೈಫಲ್‌ನ ಕೆಳಗೆ ಮುಂದಕ್ಕೆ ತಂದು, ಬೆನ್ನನ್ನು ತುಸು ಹಿಂದಕ್ಕೆ ಬಾಗಿಸಿ, ಎಡ ಮೊಣಕೈಯನ್ನು ಸೊಂಟದ ಮೂಳೆಯ ಮೇಲೋ ಪಕ್ಕೆಲುಬಿನ ಮೇಲೋ ಊರಿ ನಿಲ್ಲುತ್ತಾರೆ. ಆ ಭಂಗಿಯಲ್ಲಿ ಭುಜ ಎಷ್ಟು ಇಳಿಯುತ್ತದೆ, ಕತ್ತು ಎಷ್ಟು ತಿರುಗುತ್ತದೆ ಎಂಬುದು ಒಬ್ಬರಂತೆ ಇನ್ನೊಬ್ಬರಿಗೆ ಇರುವುದಿಲ್ಲ. ಒಂದೇ ಎತ್ತರದ, ಒಂದೇ ತೋಳಳತೆಯ ಇಬ್ಬರು ಮಕ್ಕಳಲ್ಲಿ ಒಬ್ಬರ ಕತ್ತು ಉದ್ದವಾಗಿದ್ದು ಇನ್ನೊಬ್ಬರ ಭುಜ ಅಗಲವಾಗಿದ್ದರೆ, ಅವರಿಗೆ ಒಪ್ಪುವ ಸ್ಟಾಕ್‌ಗಳು ಪೂರ್ತಿ ಬೇರೆಯೇ ಆಗಿರುತ್ತವೆ. ಇದಕ್ಕೆ ಶೂಟಿಂಗ್ ಜಾಕೆಟ್ ಕೂಡ ಸೇರಿಕೊಳ್ಳುತ್ತದೆ. ಅದರ ಬಟ್ಟೆಯ ದಪ್ಪಕ್ಕೆ ನಿಯಮದಲ್ಲಿ 2.5 ಮಿಲಿಮೀಟರ್ ಮಿತಿಯಿದ್ದರೂ, ಗಡುಸಾದ ಆ ಬಟ್ಟೆ ಭುಜದ ಬಳಿ ಹೇಗೆ ಮಡಿಚಿಕೊಳ್ಳುತ್ತದೆ ಎಂಬುದನ್ನು ತೊಟ್ಟವರನ್ನು ನೋಡಿಯೇ ತಿಳಿಯಬೇಕು.

ಈ ಸೂಕ್ಷ್ಮಗಳು ಏಕೆ ಮುಖ್ಯವೆಂದರೆ, ಗುರಿಹಲಗೆಯಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ ಕೇವಲ ಅರ್ಧ ಮಿಲಿಮೀಟರ್. ಗರಿಷ್ಠ ಐದೂವರೆ ಕಿಲೋ ತೂಗಬಹುದಾದ ರೈಫಲನ್ನು ಮತ್ತೆ ಮತ್ತೆ ಎತ್ತಿ, 75 ನಿಮಿಷಗಳಲ್ಲಿ 60 ಬಾರಿ ಗುಂಡು ಹಾರಿಸಬೇಕು. ಆ ಭಾರವನ್ನು ಆದಷ್ಟೂ ಮೂಳೆಗಳು ಹೊರಬೇಕು. ಸ್ಟಾಕ್ ಹೊಂದದಿದ್ದಲ್ಲಿ ಆ ಕೊರತೆಯನ್ನು ಕತ್ತು ಮತ್ತು ಭುಜದ ಸ್ನಾಯುಗಳು ತುಂಬಿಕೊಡುತ್ತವೆ. ಮೊದಲ ಇಪ್ಪತ್ತು ಗುಂಡುಗಳಲ್ಲಿ ಕಾಣದ ಆಯಾಸ ಕೊನೆಯ ಇಪ್ಪತ್ತರಲ್ಲಿ ಕಾಣುತ್ತದೆ. ಆಗ ಮಗುವಿಗೆ ಏಕಾಗ್ರತೆ ಸಾಲದೆಂದು ಗದರುವವರನ್ನು ಕಂಡಾಗ ನಮಗೆ ನಿಜಕ್ಕೂ ಸಂಕಟವಾಗುತ್ತದೆ.

ಎದುರಿಗಿದ್ದಾಗ ನಾವು ಮೊದಲು ಶೂಟರ್ ಅನ್ನು ರೈಫಲ್ ಇಲ್ಲದೆಯೇ ತಮ್ಮ ಭಂಗಿಯಲ್ಲಿ ನಿಲ್ಲಿಸಿ ನೋಡುತ್ತೇವೆ. ಬಳಿಕ ಸ್ಟಾಕ್‌ನ ಹಿಂತುದಿಯಲ್ಲಿ ಭುಜಕ್ಕೆ ಆನುವ ಬಟ್ ಪ್ಲೇಟಿನ ಎತ್ತರ ಮತ್ತು ಓರೆಯನ್ನು ಭುಜದ ಕುಳಿಗೆ ಹೊಂದಿಸುತ್ತೇವೆ. ತಲೆಯನ್ನು ರೈಫಲ್‌ನತ್ತ ಬಗ್ಗಿಸಬಾರದು, ರೈಫಲ್ ತಲೆಯ ಬಳಿಗೆ ಬರಬೇಕು. ಬಟ್ ಪ್ಲೇಟನ್ನು ಕೆಳಗಿಳಿಸಿದಷ್ಟೂ ರೈಫಲ್ ಮೇಲಕ್ಕೆ ಬರುತ್ತದೆ. ನಂತರ ಸ್ಟಾಕ್‌ನ ಉದ್ದ. ಅದು ಹೆಚ್ಚಾದರೆ ಬಲಗೈ ಚಾಚಿ ಕತ್ತು ಮುಂದಕ್ಕೆ ಎಳೆಯುತ್ತದೆ, ಕಡಿಮೆಯಾದರೆ ಕಣ್ಣು ಗುರಿ ನೋಡುವ ಹಿಂದಿನ ಸೈಟ್‌ಗೆ ತೀರ ಹತ್ತಿರವಾಗುತ್ತದೆ. ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗ ಟ್ರಿಗರನ್ನು ನೇರವಾಗಿ ಹಿಂದಕ್ಕೆ ಒತ್ತುವಂತೆ ಗ್ರಿಪ್ಪನ್ನೂ ಟ್ರಿಗರನ್ನೂ ಸರಿಸುತ್ತೇವೆ. ಕೆನ್ನೆಯ ಆಸರೆಯಾದ ಚೀಕ್ ಪೀಸ್ ಸರದಿ ಇವೆಲ್ಲ ಮುಗಿದ ಮೇಲೆಯೇ. ಶೂಟರ್ ಕಣ್ಣು ಮುಚ್ಚಿ ರೈಫಲ್ ಎತ್ತಿ, ತಲೆಯ ಭಾರವನ್ನು ಸಹಜವಾಗಿ ಬಿಟ್ಟು, ಒಂದೆರಡು ಉಸಿರಾದ ಮೇಲೆ ಕಣ್ಣು ತೆರೆದಾಗ ಮುಂದಿನ ಸೈಟ್ ಹಿಂದಿನ ಸೈಟ್‌ನ ರಂಧ್ರದ ನಟ್ಟನಡುವೆ ಕಾಣಬೇಕು. ಕೆನ್ನೆಯನ್ನು ಒತ್ತಿಯೋ ಎತ್ತಿಯೋ ಹುಡುಕಬೇಕಾಗಿ ಬಂದರೆ ಹೊಂದಾಣಿಕೆ ಇನ್ನೂ ಮುಗಿದಿಲ್ಲವೆಂದೇ ಅರ್ಥ. ಒಂದು ತಿರುಪನ್ನು ಸರಿಸಿದರೆ ಉಳಿದವುಗಳಿಗೂ ಅದರ ಪರಿಣಾಮ ತಟ್ಟುವುದರಿಂದ ಈ ಸುತ್ತು ಹಲವು ಬಾರಿ ನಡೆಯುತ್ತದೆ; ಇದನ್ನು ನಮೂನೆಯ ಅಂಕಿಗಳ ಮೇಲೆ ಮಾಡಲು ಬರುವುದಿಲ್ಲ.

ಎಲ್ಲ ದಿಕ್ಕಿಗೂ ಸರಿಯುವ ಅಲ್ಯೂಮಿನಿಯಂ ಸ್ಟಾಕ್ ಕೊಂಡರೆ ಸಮಸ್ಯೆ ತೀರುತ್ತದೆಯೇ ಎಂದು ಪೋಷಕರು ಕೇಳುತ್ತಾರೆ. ದೇಹಕ್ಕೆ ಹೊಂದಿಸಿದ ಹಳೆಯ ಮರದ ಸ್ಟಾಕ್, ಹೊಂದಿಸದ ದುಬಾರಿ ಅಲ್ಯೂಮಿನಿಯಂ ಸ್ಟಾಕ್‌ಗಿಂತ ಮೇಲು ಎಂಬುದು ನಮ್ಮ ಖಚಿತ ಅಭಿಪ್ರಾಯ. ಮರದ ಸ್ಟಾಕ್‌ನ ಉದ್ದವನ್ನು ಬಟ್ ಪ್ಲೇಟಿನ ಹಿಂದೆ ಬಿಲ್ಲೆಗಳನ್ನು ಸೇರಿಸಿ ಹೆಚ್ಚಿಸಬಹುದಾದ್ದರಿಂದ, ಹೊಸದನ್ನು ಕೊಳ್ಳುವ ಮೊದಲು ಇರುವುದನ್ನೇ ತಂದು ತೋರಿಸಬೇಕೆಂದು ಕೋರುತ್ತೇವೆ.

ಹೊಂದಾಣಿಕೆ ಎರಡು ಭೇಟಿಗಳಲ್ಲಿ ನಡೆಯುತ್ತದೆ, ಎರಡಕ್ಕೂ ಸೇರಿ ಒಂದೇ ಶುಲ್ಕ. ಮೊದಲ ಭೇಟಿಯ ಬಳಿಕ ಮೂರು ನಾಲ್ಕು ವಾರ ಅಭ್ಯಾಸ ಮಾಡಿ, ನೋವು ಅಥವಾ ಎಳೆತ ಕಂಡ ಜಾಗವನ್ನು ಬರೆದಿಟ್ಟುಕೊಂಡು ಬರಬೇಕು. ಎರಡನೆಯ ಭೇಟಿಯ ಕೊನೆಯಲ್ಲಿ ಪ್ರತಿ ಭಾಗದ ಸ್ಥಾನವನ್ನು ಗುರುತು ಮಾಡಿ, ಅದರ ವಿವರವಿರುವ ಕಾರ್ಡ್ ಕೊಡುತ್ತೇವೆ. ಒಂದೇ ರೈಫಲನ್ನು ಹಲವು ಮಕ್ಕಳು ಬಳಸುವ ಕ್ಲಬ್‌ಗಳಿಗೆ ಈ ಕಾರ್ಡ್ ಹೆಚ್ಚು ಉಪಯುಕ್ತ. ಪ್ರತಿ ಮಗುವಿಗೂ ಪ್ರತ್ಯೇಕ ಕಾರ್ಡ್ ಇದ್ದರೆ, ಅಲೆನ್ ಕೀ (ತಿರುಪು ತಿರುಗಿಸುವ ಸಾಧನ) ಹಿಡಿದು ತರಬೇತುದಾರರೇ ಸರದಿ ಬದಲಾದಾಗ ಸ್ಟಾಕನ್ನು ಬದಲಿಸಿಕೊಡಬಹುದು. ಬೆಳೆಯುವ ವಯಸ್ಸಿನವರು ಆರು ತಿಂಗಳಿಗೊಮ್ಮೆ ಮರುಪರಿಶೀಲನೆ ಮಾಡಿಸಬೇಕು, ಆದರೆ ಸ್ಪರ್ಧೆ ಹತ್ತಿರವಿರುವಾಗ ಏನನ್ನೂ ಸರಿಸಬಾರದು.

ದೂರದ ಊರುಗಳ ಕ್ಲಬ್‌ಗಳಲ್ಲಿ ಆರು ಮಂದಿಯಾದರೂ ಒಟ್ಟಿಗೆ ಹೆಸರು ನೀಡಿದರೆ ನಾವೇ ಅಲ್ಲಿಗೆ ಬರುತ್ತೇವೆ. ಪ್ರಯಾಣದ ವೆಚ್ಚವನ್ನು ನಮ್ಮ ಕಾರ್ಯಾಗಾರವೇ ಭರಿಸುತ್ತದೆ. ಮಾರ್ಚ್ 31ರೊಳಗೆ ನಮಗೆ ತಲುಪಿದ ರೈಫಲ್‌ಗಳ ಕೆಲಸವನ್ನು ಹಳೆಯ ಪದ್ಧತಿಯಲ್ಲೇ ಮುಗಿಸಿಕೊಡುತ್ತೇವೆ, ಮತ್ತು ಅವುಗಳ ಶೂಟರ್‌ಗಳು ಮುಂದೆ ಖುದ್ದಾಗಿ ಬಂದರೆ ಮೊದಲ ಪರಿಶೀಲನೆಗೆ ಶುಲ್ಕವಿರುವುದಿಲ್ಲ. ಬರುವಾಗ ಜಾಕೆಟ್, ಪ್ಯಾಂಟ್, ಶೂ, ಕೈಗವಸುಗಳನ್ನೂ, ಕನ್ನಡಕ ಬಳಸುವವರಾದರೆ ಶೂಟಿಂಗ್ ಕನ್ನಡಕವನ್ನೂ ತಪ್ಪದೆ ತರಬೇಕು. ಸಾಧ್ಯವಾದರೆ ತರಬೇತುದಾರರೂ ಜೊತೆಗೆ ಬರಲಿ.

ಇಂತಿ ತಮ್ಮ ವಿಶ್ವಾಸಿಗಳು,
ಕಾರ್ಯಾಗಾರದ ಎಲ್ಲ ಸಿಬ್ಬಂದಿಯ ಪರವಾಗಿ