ಮಗಳಿಗೊಂದು ಪತ್ರ: ಎರಡು ನೀಲಿ ಡಿಸ್ಕು, ಒಂದು ಲ್ಯಾಪ್‌ಟಾಪ್

ಚಿಕ್ಕಬಳ್ಳಾಪುರ
20-1-2008, ಭಾನುವಾರ

ಚಿರಂಜೀವಿ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮೊನ್ನೆ ನೀನು ಫೋನ್ ಮಾಡಿದಾಗ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋಗೆ ನಾಲ್ಕು ಜನ ಕಾಯ್ತಾ ಕೂತಿದ್ದರು. "ಎಚ್‌ಡಿ ಡಿವಿಡಿನಾ, ಬ್ಲೂ-ರೇನಾ, ಹೊಸ ಲ್ಯಾಪ್‌ಟಾಪಿನಲ್ಲಿ ಯಾವ ಡಿಸ್ಕಿನ ಡ್ರೈವ್ ಇರಲಿ, ಬೇಗ ಹೇಳಪ್ಪ" ಅಂತ ನೀನು ಕೇಳಿದೆ. ನಾನು ಯಾವುದೂ ಬೇಡ ಅಂತ ಹೇಳಿ ಇಟ್ಟುಬಿಟ್ಟೆ. ಮಗು ಅಷ್ಟು ಆಸೆಯಿಂದ ಕೇಳಿದರೆ ಹಾಗಾ ಮುಖಕ್ಕೆ ಹೊಡೆದ ಹಾಗೆ ಹೇಳೋದು ಅಂತ ನಿಮ್ಮಮ್ಮ ರಾತ್ರಿಯೆಲ್ಲ ಬೈದಳು. ಪುಷ್ಯಮಾಸ, ಮದುವೆಗಳಿಲ್ಲ, ಕೈಗೆ ಪುರುಸೊತ್ತಿದೆ. ಅವಳು ಪಕ್ಕದಲ್ಲೇ ಕೂತು ಅವರೆಕಾಳು ಹಿತುಕುತ್ತಿದ್ದಾಳೆ. ನಾನು ಬರೆಯುತ್ತಿದ್ದೇನೆ.

ನೀನು ಇಂಜಿನಿಯರಿಂಗ್ ಓದ್ತಿರೋಳು, ಲೇಸರ್ ವಿಷಯ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಆದರೂ ನನಗೆ ಅರ್ಥವಾದಷ್ಟು ಹೇಳ್ತೀನಿ. ಎರಡೂ ಡಿವಿಡಿಗಿಂತ ಹೆಚ್ಚು ಹಿಡಿಯೋ ಹೊಸ ಡಿಸ್ಕುಗಳು. ಎರಡಕ್ಕೂ ಬೆಳಕು ಒಂದೇ, 405 ನ್ಯಾನೋಮೀಟರಿನ ನೀಲಿ-ನೇರಳೆ ಲೇಸರ್. ಡಿವಿಡಿಯದು 650ರ ಕೆಂಪು. ನಿಮ್ಮಮ್ಮ ರಂಗೋಲಿ ಪುಡಿಯನ್ನು ಬೆರಳು ಸಡಿಲ ಬಿಟ್ಟು ಎಳೆದರೆ ಬಾಗಿಲ ಮುಂದೆ ಒಂದು ಕಮಲಕ್ಕೇ ಜಾಗ ಮುಗೀತದೆ. ಬಿಗಿಹಿಡಿದು ಎಳೆದರೆ ಅದೇ ಜಾಗದಲ್ಲಿ ತೇರೇ ಕೂರುತ್ತೆ. ಡಿಸ್ಕಿನ ಕಥೆಯೂ ಅಷ್ಟೆ, ಬೆಳಕಿನ ಅಲೆ ಚಿಕ್ಕದಾದಷ್ಟು ಮಾಹಿತಿಯ ಎಳೆಗಳನ್ನು ಒತ್ತೊತ್ತಾಗಿ ಕೂರಿಸಬಹುದು. ಡಿವಿಡಿಯಲ್ಲಿ ಎಳೆಯಿಂದ ಎಳೆಗೆ 0.74 ಮೈಕ್ರಾನ್, ಎಚ್‌ಡಿ ಡಿವಿಡಿಯಲ್ಲಿ 0.40, ಬ್ಲೂ-ರೇಯಲ್ಲಿ 0.32. ಹೀಗಾಗಿ ಒಂದು ಪದರಕ್ಕೆ ಎಚ್‌ಡಿ ಡಿವಿಡಿ 15 ಜಿಬಿ ಹಿಡಿದರೆ ಬ್ಲೂ-ರೇ 25 ಜಿಬಿ. ಎರಡು ಪದರದ್ದಾದರೆ 30, 50. ಅಷ್ಟು ಸಣ್ಣ ಎಳೆ ಓದಬೇಕು ಅಂತ ಬ್ಲೂ-ರೇಯವರು ಮಾಹಿತಿಯ ಪದರವನ್ನು ಮೇಲ್ಮೈಗೆ ಬರೀ 0.1 ಮಿಲಿಮೀಟರ್ ಹತ್ತಿರ ತಂದಿದ್ದಾರೆ. ಗೀರು ಬೀಳದಿರಲಿ ಅಂತ ಮೇಲೆ ಗಟ್ಟಿ ಲೇಪ. ಎಚ್‌ಡಿ ಡಿವಿಡಿಯದು ಹಳೇ ಡಿವಿಡಿಯ ಹಾಗೇ 0.6. ಡಿವಿಡಿ ಮಾಡುವ ಕಾರ್ಖಾನೆಯಲ್ಲೇ ಸ್ವಲ್ಪ ಬದಲಾಯಿಸಿಕೊಂಡು ಅಚ್ಚು ಹಾಕಬಹುದು ಅನ್ನೋದೇ ಅದನ್ನು ತಂದ ತೋಷಿಬಾದವರ ದೊಡ್ಡ ವಾದ.

ಮದುವೆ ವಿಡಿಯೋ ತೆಗೆಯೋ ನನ್ನ ಕಸುಬಿನ ಲೆಕ್ಕ ಬೇರೆ. ವಿಡಿಯೋ ಕ್ಯಾಮೆರಾದ ಒಂದು ಗಂಟೆಯ ಮಿನಿ ಡಿವಿ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದರೆ 13 ಜಿಬಿ. ಹೊಸ ಎಚ್‌ಡಿವಿ ಕ್ಯಾಮೆರಾದಲ್ಲೂ ಅದೇ ಕ್ಯಾಸೆಟ್, ಹೆಚ್ಚುಕಮ್ಮಿ ಅಷ್ಟೇ ಜಾಗ. ನಮ್ಮ ಕಡೆ ಮದುವೆ ಅಂದರೆ ಚಪ್ಪರದಿಂದ ಹಿಡಿದು ಹೆಣ್ಣು ಒಪ್ಪಿಸೋವರೆಗೆ ಮೂರು ಕ್ಯಾಸೆಟ್, ಅಂದರೆ 39 ಜಿಬಿ. 30ರಲ್ಲಿ ಹಿಡಿಸಲ್ಲ, 50ರಲ್ಲಿ ಆರಾಮಾಗಿ ಕೂರುತ್ತೆ. ಕತ್ತಿಗೆ ಕತ್ತಿ ಹಿಡಿದು ಕೇಳಿದರೆ ನಾನು ಬ್ಲೂ-ರೇ ಕಡೆ. ಸಿನಿಮಾ ಕಂಪನಿಗಳಲ್ಲಿ ಸೋನಿ, ಡಿಸ್ನಿ, ಫಾಕ್ಸ್ ಮೊದಲಿಂದ ಆ ಕಡೆಯೇ. ಯುನಿವರ್ಸಲ್, ಪ್ಯಾರಾಮೌಂಟ್ ತೋಷಿಬಾ ಜೊತೆ. ಎರಡು ದೋಣಿಯಲ್ಲೂ ಕಾಲಿಟ್ಟಿದ್ದ ವಾರ್ನರ್‌ನವರು ಇದೇ ತಿಂಗಳು 4ನೇ ತಾರೀಕು ಇನ್ನು ಬ್ಲೂ-ರೇ ಮಾತ್ರ ಅಂದುಬಿಟ್ಟರು. ತೋಷಿಬಾ ಇನ್ನೂ ಕೈಬಿಟ್ಟಿಲ್ಲ. ಆದರೆ ಎಚ್‌ಡಿ ಡಿವಿಡಿ ಇರೋ ಲ್ಯಾಪ್‌ಟಾಪಿಗೆ ಈಗ ದುಡ್ಡು ಸುರಿಯೋದು ಮುಳುಗೋ ದೋಣಿಗೆ ಟಿಕೆಟ್ ತಗೊಂಡ ಹಾಗೆ ಅಂತ ನನ್ನ ಮನಸ್ಸು ಹೇಳುತ್ತೆ.

ಹಾಗಿದ್ರೆ ಬ್ಲೂ-ರೇನೇ ಕೊಡಿಸಬಹುದಲ್ಲ ಅಂತೀಯ. ನಿನಗೆ ಒಂದು ವಿಷಯ ಹೇಳಿಲ್ಲ, ಹೇಳೋಕೆ ನಾಚಿಕೆ. ನೀನು ಎಂಟನೇ ಕ್ಲಾಸಲ್ಲಿದ್ದಾಗ ನಾನು ಡಿವಿಡಿ ರೈಟರ್ ಹಾಕಿಸಿದೆ. ಆಗಲೂ ಇಂಥದ್ದೇ ಜಗಳ, ಬರೆಯೋ ಡಿವಿಡಿಯಲ್ಲೇ ಎರಡು ಬಗೆ, ಪ್ಲಸ್ ಆರ್ ಒಂದು, ಮೈನಸ್ ಆರ್ ಒಂದು. ಪ್ಲಸ್ ಡಿಸ್ಕು ಅಗ್ಗಕ್ಕೆ ಸಿಕ್ಕಿತು ಅಂತ ಐವತ್ತರ ಕಟ್ಟು ತಂದೆ. ಶಿಡ್ಲಘಟ್ಟದ ರೇಷ್ಮೆ ವ್ಯಾಪಾರಿಯೊಬ್ಬರ ಮಗಳ ಮದುವೆ ಬರೆದುಕೊಟ್ಟೆ. ಅವರ ಮನೆಯಲ್ಲಿ ನೆಂಟರೆಲ್ಲ ಕೂತಿದ್ದಾರೆ, ಬೀಗರೂ ಇದ್ದಾರೆ. ಪ್ಲೇಯರ್ ಡಿಸ್ಕನ್ನು ನುಂಗಿತು, ಗುರ್ ಗುರ್ ಅಂತು, ಟಿವಿಯಲ್ಲಿ ನೀಲಿ ಪರದೆ ಮೇಲೆ "ನೋ ಡಿಸ್ಕ್" ಅಂತ ಬಂತು. ತೆಗೆದು ಪಂಚೆ ತುದಿಯಲ್ಲಿ ಒರೆಸಿ ಮತ್ತೆ ಹಾಕಿದರು. ಮತ್ತೆ ಅದೇ. ಒಬ್ಬ ಅಜ್ಜಿ, "ಏನಪ್ಪಾ, ಮದುವೇನೇ ಆಗಿಲ್ಲ ಅಂತೈತಲ್ಲ" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ, ಬೆವರು ಮಾತ್ರ ನಿಲ್ಲಲಿಲ್ಲ. ತಪ್ಪು ನನ್ನದೂ ಅಲ್ಲ, ಅವರ ಪ್ಲೇಯರಿನದೂ ಅಲ್ಲ. ಅದು ಪ್ಲಸ್ ಬರುವ ಮುಂಚಿನ ಪೆಟ್ಟಿಗೆ. ಆಮೇಲೆ ಎರಡೂ ಬರೆಯುವ ಡ್ರೈವ್ ಬಂತು, ಜಗಳವೇ ಮರೆತುಹೋಯಿತು. ಆ ಐವತ್ತರಲ್ಲಿ ಉಳಿದಿದ್ದನ್ನು ನಿಮ್ಮಮ್ಮ ದಾರ ಕಟ್ಟಿ ಹಿತ್ತಲಲ್ಲಿ ಹಕ್ಕಿ ಓಡಿಸೋಕೆ ತೂಗುಹಾಕಿದ್ದಳು, ನಿನಗೆ ನೆನಪಿರಬೇಕು.

ನಮ್ಮೂರು ಹೋದ ವರ್ಷ ಜಿಲ್ಲೆಯಾಯಿತು ನಿಜ, ಆದರೆ ನನ್ನ ಗಿರಾಕಿಗಳ ಮನೆಯಲ್ಲಿ ಬ್ಲೂ-ರೇ ಪ್ಲೇಯರ್ ನಾನಂತೂ ಕಂಡಿಲ್ಲ. ನೀನು ಬರೆದ ಡಿಸ್ಕನ್ನು ಯಾರ ಮನೆಗೆ ಒಯ್ದು ಹಾಕ್ತೀಯ? ನಮ್ಮ ಮನೆಯ ಟಿವಿ 21 ಇಂಚಿನ ಡಬ್ಬ. ನೀನು ಓದಿ ಹೇಳಿದ ಆ ಲ್ಯಾಪ್‌ಟಾಪಿನ ಪರದೆ ಕೂಡ 1280 x 800. ಡಿಸ್ಕಿನಲ್ಲಿರೋದು 1920 x 1080. ಇರೋ ಚುಕ್ಕಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಿನ್ನ ಕಣ್ಣಿಗೇ ಬರಲ್ಲ, ಅದಕ್ಕೆ ಅಷ್ಟು ಸಾವಿರ ಜಾಸ್ತಿ ಯಾಕೆ? ಕರಪತ್ರದಲ್ಲಿ ಡ್ರೈವ್ ಹೆಸರಿನ ಕೊನೆಗೆ "ರೋಮ್" ಅಂತ ಇದೆಯಾ ನೋಡು. ಇದ್ದರೆ ನೀಲಿ ಡಿಸ್ಕು ಓದುತ್ತೆ ಅಷ್ಟೆ, ಬರೆಯಲ್ಲ. ಅಂಗಡಿಯವನು ಇದನ್ನು ತಾನಾಗಿ ಬಾಯಿಬಿಡಲ್ಲ.

ಅದಕ್ಕೇ ಸಾದಾ ಡಿವಿಡಿ ರೈಟರ್ ಇರೋದನ್ನೇ ತಗೋ, ಪ್ಲಸ್ಸು ಮೈನಸ್ಸು ಎರಡೂ ಬರೆಯೋದು. ಉಳಿದ ದುಡ್ಡಿಗೆ ದೊಡ್ಡ ಹಾರ್ಡ್ ಡಿಸ್ಕು ಹಾಕಿಸು. ಪಕ್ಕದಲ್ಲಿ ನಾಲ್ಕು ಪಿನ್ನಿನ ಫೈರ್‌ವೈರ್ ಕಿಂಡಿ ಇರಲೇಬೇಕು, ಇದನ್ನು ಮಾತ್ರ ಬಿಡಬೇಡ. ಅದಿಲ್ಲದಿದ್ದರೆ ನನ್ನ ಕ್ಯಾಮೆರಾದಿಂದ ಕ್ಯಾಸೆಟ್ ಇಳಿಸೋಕಾಗಲ್ಲ.

ಸ್ವಾರ್ಥ ಅಂದ್ಕೋ, ನನಗೂ ಒಂದು ಕೆಲಸ ಆಗಬೇಕಿದೆ. ನಿಮ್ಮಜ್ಜಿ ನಿನಗೆ ಹರಳೆಣ್ಣೆ ಹಚ್ಚಿ ನೀರೆರೆಯೋದನ್ನು ನಾನು ವಿಎಚ್‌ಎಸ್‌ನಲ್ಲಿ ತೆಗೆದಿದ್ದೆನಲ್ಲ, ಆ ಕ್ಯಾಸೆಟ್ ಮೊನ್ನೆ ಬೀರು ಮೇಲೆ ಸಿಕ್ಕಿತು. ಗಾಜಿನ ಕಿಂಡಿಯಲ್ಲಿ ನೋಡಿದರೆ ಸುರುಳಿಯ ಅಂಚಿಗೆ ಬಿಳಿ ಬೂಷ್ಟು. ಹಾಗೇ ವಿಸಿಆರ್‌ಗೆ ಹಾಕಿದರೆ ಹೆಡ್ಡೂ ಹೋಗುತ್ತೆ, ಟೇಪೂ ಹೋಗುತ್ತೆ. ಐದು ಸ್ಕ್ರೂ ಬಿಚ್ಚಿ, ಒಣ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಬೇರೆ ಚಿಪ್ಪಿಗೆ ಹಾಕಿಟ್ಟಿದ್ದೇನೆ. ಒಂದೇ ಸಲ ಓಡಿಸೋದು, ಆ ಒಂದು ಸಲದಲ್ಲೇ ಕ್ಯಾಮೆರಾ ಮೂಲಕ ನಿನ್ನ ಲ್ಯಾಪ್‌ಟಾಪಿಗೆ ಇಳಿಯಬೇಕು. ಯುಗಾದಿಗೆ ಬರ್ತೀಯಲ್ಲ, ಆವಾಗ ಇಬ್ಬರೂ ಕೂತು ಮಾಡೋಣ.

ನೀಲಿ ಡಿಸ್ಕಿನ ಆಸೆ ಪೂರ್ತಿ ಬಿಡು ಅಂತಲೂ ಹೇಳ್ತಿಲ್ಲ. ತಗೊಳ್ಳೋ ಮುಂಚೆ ಡ್ರೈವಿನ ದಪ್ಪ ಎಷ್ಟು ಅಂತ ಕೇಳು. 12.7 ಮಿಲಿಮೀಟರ್ ಅಂದರೆ ಒಳ್ಳೇದು, 9.5 ಆದರೆ ಬೇರೆ ಮಾಡೆಲ್ ನೋಡು. ಈಗ ಬರ್ತಿರೋ ಬ್ಲೂ-ರೇ ಡ್ರೈವುಗಳಲ್ಲಿ ಹೆಚ್ಚಿನವು 12.7ರವು. ನಾಳೆ ಬೆಲೆ ಇಳಿದ ಮೇಲೆ ಹಳೇದನ್ನು ಎಳೆದು ಹೊಸದನ್ನು ತೂರಿಸೋಕೆ ದಾರಿ ಇರಲಿ.

ನಿಮ್ಮಮ್ಮ ಹಿತಕಿದಬೇಳೆ ಸಾರಿಗೆ ಮಸಾಲೆ ಅರೆಯೋಕೆ ಎದ್ದಳು. ಸಾರು ಮೈಸೂರಿನವರೆಗೆ ಕೆಡದೆ ಬರಲ್ಲವಂತೆ, ಅವರೆಕಾಳು ಹುರಿದು ಕಳಿಸ್ತಾಳೆ. ಹೋದ ಸಲದ ಸ್ಟೀಲ್ ಡಬ್ಬ ನಿನ್ನ ಹತ್ತಿರವೇ ಇದೆಯಂತೆ, ಮರೀದೆ ತಗೊಂಡು ಬಾ.

ಇಂತಿ,
ನಿನ್ನ ಅಪ್ಪ