‘ಸ್ವಲ್ಪ ಕೆಂಪಗ ಮಾಡ್ರಿ’

ಮಾನ್ಯ ಸಂಪಾದಕರೆ,

ಬಿಳಿಯರ ಸವಲತ್ತು (ಬಿಳಿಯ ಎಂಬ ಒಂದೇ ಕಾರಣಕ್ಕೆ ಕೇಳದೆಯೇ ಸಿಗುವ ಅನುಕೂಲ) ಅನ್ನುವುದು ಅಮೆರಿಕದವರ ಜಗಳ, ಅದನ್ನು ತಂದು ನಮ್ಮ ಹುಡುಗರ ತಲೆಗೆ ಏಕೆ ತುಂಬುತ್ತೀರಿ ಎಂದು ಓದುಗರೊಬ್ಬರು ಕಳೆದ ವಾರ ನಿಮ್ಮ ಪತ್ರಿಕೆಗೆ ಬರೆದಿದ್ದರು. ನಾನು ರಾಯಚೂರಿನಲ್ಲಿ ಇಪ್ಪತ್ತಾರು ವರ್ಷದಿಂದ ಫೋಟೊ ಸ್ಟುಡಿಯೊ ನಡೆಸುತ್ತಿದ್ದೇನೆ. ಆ ಜಗಳ ನನ್ನ ಅಂಗಡಿಗೆ ಬಂದು ಕೂತು ಎಷ್ಟೋ ಕಾಲವಾಯಿತು ಎಂದು ಅವರಿಗೆ ಹೇಳಬೇಕೆನಿಸಿತು.

ನಮ್ಮ ಕಡೆ ಬೆಳ್ಳಗಿರುವವರನ್ನು ‘ಕೆಂಪಗದಾರ’ ಅನ್ನುತ್ತೇವೆ. ಮಗಳ ಫೋಟೊ ಗಂಡಿನ ಕಡೆಗೆ ಕಳಿಸಬೇಕಾದಾಗ ತಾಯಿ ಕೌಂಟರ್ ಮೇಲೆ ಬಗ್ಗಿ, ಗುಟ್ಟು ಹೇಳುವವಳ ಹಾಗೆ, ಆದರೆ ಮಗಳಿಗೆ ಕೇಳಿಸುವಷ್ಟು ಗಟ್ಟಿಯಾಗಿ, ‘ಸ್ವಲ್ಪ ಕೆಂಪಗ ಮಾಡ್ರಿ’ ಅನ್ನುತ್ತಾಳೆ. ನನಗೆ ಕೆಲಸ ಕಲಿಸಿದ ಗುರುಗಳು ಕಪ್ಪು-ಬಿಳುಪಿನ ನೆಗೆಟಿವ್ ಮೇಲೆ ಮೆತ್ತನೆ ಪೆನ್ಸಿಲ್ ಆಡಿಸುತ್ತಿದ್ದರು. ನೆಗೆಟಿವಿನಲ್ಲಿ ಕಪ್ಪು ಏರಿದಷ್ಟೂ ಪ್ರಿಂಟಿನಲ್ಲಿ ಮುಖ ಬೆಳ್ಳಗಾಗುತ್ತದೆ. ‘ಕಪ್ಪು ಬಳಿದು ಬೆಳ್ಳಗ ಮಾಡೋ ಧಂದೆ ನಮ್ದು’ ಎಂದು ನಗುತ್ತಿದ್ದರು. ಈಗ ಅದೇ ಕೆಲಸಕ್ಕೆ ಒಂದು ಮೌಸ್ ಸಾಕು.

ಕಲರ್ ಪ್ರಿಂಟಿಂಗ್ ಕಲಿಯಲು ಹೈದರಾಬಾದಿನ ಒಂದು ಲ್ಯಾಬಿನಲ್ಲಿದ್ದೆ. ಮಷಿನ್ ಪಕ್ಕದ ಗೋಡೆಗೆ ಒಬ್ಬ ಬಿಳಿ ಹೆಂಗಸಿನ ಫೋಟೊ ಅಂಟಿಸಿದ್ದರು. ಅವಳ ಮೈಬಣ್ಣ ಸರಿಯಾಗಿ ಬಂದರೆ ಮಷಿನ್ ಸರಿಯಿದೆ ಎಂದರ್ಥ. ನಮ್ಮ ರಾಯಚೂರು ಬಿಸಿಲಿನ ಮುಖಗಳು ಇದ್ದಲಿನಂತೆ ಬಂದರೆ ‘ಮುಖಾನೇ ಹಂಗ ಅದ’ ಎಂದು ಮುಂದಕ್ಕೆ ಹೋಗುತ್ತಿದ್ದೆವು. ಆ ಫೋಟೊದ ಹಿಂದಿನ ಕಥೆ ತಿಳಿದದ್ದು ಬಹಳ ವರ್ಷದ ಮೇಲೆ. 1950ರ ದಶಕದಲ್ಲಿ ಕೊಡಾಕ್ ಕಂಪನಿ ಶೆರ್ಲಿ ಎಂಬ ತನ್ನ ನೌಕರಳ ಚಿತ್ರ ತೆಗೆದು ಬಣ್ಣ ಹೊಂದಿಸುವ ಅಳತೆಗೋಲಾಗಿ ಲ್ಯಾಬುಗಳಿಗೆ ಕಳಿಸಿತ್ತಂತೆ. ಆಮೇಲೆ ಚಿತ್ರದ ಹೆಂಗಸರು ಬದಲಾದರು, ಕಾರ್ಡಿನ ಹೆಸರು ಮಾತ್ರ ಶೆರ್ಲಿ ಕಾರ್ಡ್ ಎಂದೇ ಉಳಿಯಿತು. ದಶಕಗಳವರೆಗೆ ಬಣ್ಣವೂ ಬದಲಾಗಲಿಲ್ಲ. ಫಿಲ್ಮಿನಲ್ಲಿ ಕಂದು ಛಾಯೆಗಳು ಸರಿಯಾಗಿ ಮೂಡುತ್ತಿಲ್ಲ ಎಂಬುದು ಕಂಪನಿಯ ತಲೆಗೆ ಹೋದದ್ದು ಚಾಕೊಲೇಟಿನವರೂ ಮರದ ಪೀಠೋಪಕರಣದವರೂ ತಕರಾರು ತೆಗೆದಾಗ. ಟೇಬಲ್ಲು ಚೆನ್ನಾಗಿ ಕಾಣಲೆಂದು ಸುಧಾರಿಸಿದ ಫಿಲ್ಮಿನಲ್ಲಿ ನಾವೂ ಒಂದಿಷ್ಟು ಚೆನ್ನಾಗಿ ಕಂಡೆವು. ನನಗೆ ಇದನ್ನು ನೆನೆದರೆ ಸಿಟ್ಟಿಗಿಂತ ನಗುವೇ ಹೆಚ್ಚು ಬರುತ್ತದೆ.

ನಗು ಬಾರದ ಕಥೆಯೂ ಒಂದಿದೆ. ಪಾಸ್‌ಪೋರ್ಟ್ ಸೈಜ್ ಫೋಟೊದಲ್ಲೇ ಅಂಗಡಿ ಬಾಡಿಗೆ ಕಟ್ಟುವವನು ನಾನು, ಹಾಗಾಗಿ ಇದು ನೆನಪಿನಲ್ಲಿ ನಿಂತಿದೆ. ವರ್ಣಭೇದದ ದಿನಗಳ ದಕ್ಷಿಣ ಆಫ್ರಿಕಾದಲ್ಲಿ ಹದಿನಾರು ದಾಟಿದ ಪ್ರತಿ ಕರಿಯನೂ ಫೋಟೊ ಇರುವ ಪಾಸ್‌ಬುಕ್ ಜೇಬಿನಲ್ಲಿಟ್ಟುಕೊಂಡೇ ತಿರುಗಬೇಕಿತ್ತು. ಆ ಫೋಟೊಗಳಿಗೆ ಅಮೆರಿಕದ ಪೊಲರಾಯ್ಡ್ ಕಂಪನಿಯ, ಕೂಡಲೇ ಪ್ರಿಂಟ್ ಕೊಡುವ ಕ್ಯಾಮೆರಾ ಬಳಕೆಯಾಗುತ್ತಿತ್ತು. 1970ರಲ್ಲಿ ಅದೇ ಕಂಪನಿಯ ಇಬ್ಬರು ಕರಿಯ ನೌಕರರು ಅಮೆರಿಕದಲ್ಲಿ ಪ್ರತಿಭಟನೆ ಶುರು ಮಾಡಿದರು. ಕಂಪನಿ ಆ ದೇಶ ಬಿಟ್ಟದ್ದು 1977ರಲ್ಲಿ. ಅಷ್ಟೂ ಕಾಲ ಬಿಳಿಯ ಮನುಷ್ಯ ಅದೇ ರಸ್ತೆಯಲ್ಲಿ ಖಾಲಿ ಜೇಬಿನಲ್ಲಿ ಓಡಾಡಿದ. ಅದನ್ನು ಆತ ಸವಲತ್ತು ಅಂದಿರಲಿಕ್ಕಿಲ್ಲ, ಸಂಜೆ ವಾಕಿಂಗ್ ಅಂದುಕೊಂಡಿರಬೇಕು.

ಬಣ್ಣ ಹುಟ್ಟಿನಿಂದ ಬರುತ್ತದೆ, ಅದರಲ್ಲಿ ಸಮಾಜ ಕಟ್ಟಿದ್ದೇನಿದೆ ಎಂದೂ ಆ ಓದುಗರು ಕೇಳಿದ್ದಾರೆ. ಬರೀ ಬಣ್ಣವೇ ಆಗಿದ್ದರೆ ನಾನೇ ಲೈಟ್ ಮೀಟರ್ ಹಿಡಿದು ಅಳೆದು ಕೊಡುತ್ತಿದ್ದೆ. ಅಮೆರಿಕದ 1790ರ ಕಾನೂನು, ಹೊರಗಿನಿಂದ ಬಂದವರಲ್ಲಿ ‘ಸ್ವತಂತ್ರ ಬಿಳಿಯರಿಗೆ’ ಮಾತ್ರ ಪೌರತ್ವ ಎಂದಿತು. ಆಫ್ರಿಕಾ ಮೂಲದವರನ್ನು ಸೇರಿಸಿದ್ದು 1870ರಲ್ಲಿ. 1922ರಲ್ಲಿ ಟಕಾವೊ ಒಜಾವಾ ಎಂಬ ಜಪಾನಿ, ನಮ್ಮ ಚರ್ಮ ಎಷ್ಟೋ ಬಿಳಿಯರಿಗಿಂತ ಬೆಳ್ಳಗಿದೆ ಎಂದು ಸುಪ್ರೀಂ ಕೋರ್ಟಿಗೆ ಹೋದ. ಚರ್ಮದ ಬಣ್ಣ ಲೆಕ್ಕಕ್ಕಿಲ್ಲ, ಬಿಳಿಯ ಅಂದರೆ ಕಾಕೇಸಿಯನ್ ಜನಾಂಗದವನು (ಆಗಿನ ವಿದ್ವಾಂಸರು ಯುರೋಪಿನವರನ್ನು ಸೇರಿಸಿದ್ದ ಗುಂಪು) ಎಂದಿತು ಕೋರ್ಟು. ಮೂರೇ ತಿಂಗಳಿಗೆ, 1923ರ ಫೆಬ್ರುವರಿಯಲ್ಲಿ, ಪಂಜಾಬಿನ ಭಗತ್ ಸಿಂಗ್ ಥಿಂದ್ ಅವರ ಮೊಕದ್ದಮೆ ಬಂತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ವಿದ್ವಾಂಸರ ಪ್ರಕಾರ ನಾನು ಕಾಕೇಸಿಯನ್ನೇ ಎಂದರು. ವಿದ್ವಾಂಸರ ಮಾತು ಬೇಡ, ಸಾಮಾನ್ಯ ಮನುಷ್ಯ ಯಾರನ್ನು ಬಿಳಿಯ ಅಂದುಕೊಂಡಿದ್ದಾನೋ ಅವನೇ ಬಿಳಿಯ ಎಂದಿತು ಅದೇ ಕೋರ್ಟು! ಆಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರಿಂದಲೂ ಅದನ್ನು ಕಿತ್ತುಕೊಂಡರು. 1946ರವರೆಗೆ ನಮ್ಮವರಿಗೆ ಆ ಬಾಗಿಲು ಮುಚ್ಚಿತ್ತು.

ಅಲ್ಲಿನ ಜನಗಣತಿಯಂತೂ ಇನ್ನೂ ಮಜವಾಗಿದೆ. 1930 ಮತ್ತು 1940ರಲ್ಲಿ ಭಾರತದವರಿಗೆ, ಧರ್ಮ ಯಾವುದೇ ಇರಲಿ, ‘ಹಿಂದೂ’ ಎಂಬ ಜನಾಂಗದ ಖಾನೆ. 1970ರಲ್ಲಿ ಅವರನ್ನು ಬಿಳಿಯರ ಲೆಕ್ಕಕ್ಕೆ ಸೇರಿಸಿದರು. 1980ರಲ್ಲಿ ‘ಏಷ್ಯನ್ ಇಂಡಿಯನ್’ ಎಂದು ಬೇರೆ ತೆಗೆದರು. ಮುಖ ಬದಲಾಗಿರಲಿಲ್ಲ, ಗೋಡೆಯ ಮೇಲಿನ ಕಾರ್ಡು ಬದಲಾಗಿತ್ತು.

ಥಿಂದ್ ಅವರ ಪರವಾಗಿ ಕೋರ್ಟಿಗೆ ಕೊಟ್ಟ ವಾದದಲ್ಲಿ ಇನ್ನೊಂದು ಮಾತಿದೆ. ಅಮೆರಿಕದವನು ನೀಗ್ರೋಗಳನ್ನು ಮದುವೆಯ ವಿಚಾರದಲ್ಲಿ ಹೇಗೆ ಕಾಣುತ್ತಾನೋ, ಮೇಲ್ಜಾತಿಯ ಹಿಂದೂ ತನ್ನ ನಾಡಿನ ಮೂಲನಿವಾಸಿಗಳನ್ನು ಹಾಗೆಯೇ ಕಾಣುತ್ತಾನೆ ಎಂದು. ಅಂದರೆ, ನಮ್ಮನ್ನೂ ಒಳಗೆ ಬಿಡಿ, ಹೊರಗಿಡುವುದು ನಮಗೂ ಗೊತ್ತು! ಮದುವೆಯ ವಿಚಾರ ಎಂದು ಓದಿದಾಗ ನನಗೆ ನನ್ನ ಕೌಂಟರ್ ಕಂಡಿತು.

ಈಗ ನನ್ನದೇ ಹೇಳುತ್ತೇನೆ. ನಾನು ಕೆಂಪಗಿದ್ದೇನೆ. ಹದಿಮೂರು ವರ್ಷದಿಂದ ನನ್ನ ಜೊತೆ ಕೆಲಸ ಮಾಡುವ ಹುಡುಗ (ಹುಡುಗ ಅಂದರೂ ಈಗ ಮೂವತ್ನಾಲ್ಕು) ಕಪ್ಪಗಿದ್ದಾನೆ. ಕ್ಯಾಂಡಿಡ್, ಡ್ರೋನ್, ಎಡಿಟಿಂಗ್ ಎಲ್ಲ ಅವನದೇ. ನನಗೆ ಡ್ರೋನ್ ಮೇಲಕ್ಕೆ ಹಾರಿಸಿದರೆ ಇಳಿಸಲು ಬರುವುದಿಲ್ಲ. ಮಾನ್ವಿ, ಸಿಂಧನೂರು, ಲಿಂಗಸುಗೂರು, ಯಾವ ಕಡೆ ಮದುವೆಗೆ ಹೋದರೂ ‘ಸಾವಕಾರ್ರ ಬರ್ರಿ, ಕುಂದರ್ರಿ’ ಎಂದು ಕುರ್ಚಿ ಬರುವುದು ನನಗೆ. ಅವನಿಗೆ ‘ಏ, ಲೈಟ್ ಹಿಡಕೊಂಡು ಆ ಕಡೆ ನಿಲ್ಲಲೆ’. ಊಟಕ್ಕೆ ನನ್ನನ್ನು ಬೀಗರ ಪಂಕ್ತಿಗೆ ಕರೆಯುತ್ತಾರೆ, ಅವನನ್ನು ಬ್ಯಾಂಡಿನವರ ಜೊತೆ ಕೂಡಿಸುತ್ತಾರೆ. ಯಾವ ಜನ ಎಂದು ಯಾರೂ ಕೇಳಿರುವುದಿಲ್ಲ, ಮುಖ ನೋಡಿ ಲೆಕ್ಕ ಹಾಕಿರುತ್ತಾರೆ. ಆ ಲೆಕ್ಕ ಎಷ್ಟು ತಪ್ಪು ಎಂದು ನಾನು ಇಲ್ಲಿ ಬರೆಯಬಹುದು, ಬರೆಯುವುದಿಲ್ಲ. ಸರಿಯಿದ್ದರೂ ಅದು ತಪ್ಪೇ. ಇಷ್ಟು ವರ್ಷ ನಾನು ಆ ಕುರ್ಚಿಯಲ್ಲಿ ಕೂತಿದ್ದೇನೆ, ಊಟವನ್ನೂ ಮಾಡಿದ್ದೇನೆ. ನಮ್ಮಲ್ಲಿ ಸವಲತ್ತು ಅಂದರೆ ಸರ್ಕಾರ ಬೇರೆಯವರಿಗೆ ಕೊಟ್ಟದ್ದು ಮಾತ್ರ. ನಮಗೆ ಸಿಕ್ಕಿದ್ದಕ್ಕೆ ಮರ್ಯಾದೆ ಅನ್ನುತ್ತೇವೆ.

ಇದು ನನ್ನ ತಲೆಗೆ ಹೋದದ್ದು ಹೋದ ಡಿಸೆಂಬರಿನಲ್ಲಿ. ಪ್ರಿ-ವೆಡ್ಡಿಂಗ್ ಶೂಟಿಗೆ ಒಂದು ಹಳೆಯ ಗುಡಿಯ ಹತ್ತಿರ ಹೋಗಿದ್ದೆವು, ಊರ ಹೆಸರು ಬೇಡ. ಟ್ರೈಪಾಡ್‌ಗೆ ಪರವಾನಗಿ ಪತ್ರ ಎಲ್ಲಿ ಎಂದು ಕಾವಲುಗಾರ ನಮ್ಮನ್ನು ಬಿಸಿಲಲ್ಲಿ ನಿಲ್ಲಿಸಿದ. ಪತ್ರ ಇರಲಿಲ್ಲ, ತಪ್ಪು ನಮ್ಮದೇ. ಆದರೆ ಹತ್ತು ಹೆಜ್ಜೆ ಆಚೆ ಒಬ್ಬ ಬಿಳಿಯ ನಮ್ಮದಕ್ಕಿಂತ ದೊಡ್ಡ ಟ್ರೈಪಾಡ್ ಹೂಡಿಕೊಂಡು ನಿಂತಿದ್ದ. ಅವನನ್ನು ಕೇಳಲಿಲ್ಲವಲ್ಲ ಅಂದೆ. ‘ಅವ್ರು ಸ್ಟಡಿ ಮಾಡಾಕ ಬಂದಾರ’ ಎಂದ ಕಾವಲುಗಾರ. ಆಮೇಲೆ ಚಹಾದಂಗಡಿಯಲ್ಲಿ ಅವನನ್ನೇ ಮಾತಾಡಿಸಿದೆ. ತನ್ನೂರಲ್ಲಿ ನಲ್ಲಿ ರಿಪೇರಿ ಕೆಲಸವಂತೆ. ಒಳ್ಳೆಯ ಮನುಷ್ಯ, ಪರವಾನಗಿ ಬೇಕು ಎಂಬುದೇ ಅವನಿಗೆ ಗೊತ್ತಿರಲಿಲ್ಲ. ನಾನು ಮುಖ ಕೆಂಪಗೆ ಮಾಡಿಕೊಂಡು ಗೊಣಗುತ್ತಿದ್ದೆ. ನನ್ನ ಹುಡುಗ ಟ್ರೈಪಾಡ್ ಮಡಿಸುತ್ತ, ‘ಇವತ್ತು ನಿಮಗ ಹೊಸಾದು, ಅದಕ್ಕ ಸಿಟ್ಟು’ ಅಂದ.

ಸಂಪಾದಕರೆ, ನಿಮ್ಮ ವಧು-ವರ ಜಾಹೀರಾತುಗಳಲ್ಲಿ ‘ಬೆಳ್ಳಗಿನ’, ‘ಗೋಧಿ ಬಣ್ಣದ’ ಎಂಬ ಮಾತುಗಳನ್ನು ತೆಗೆದುಕೊಳ್ಳುವುದಿಲ್ಲ ಎಂದು ಹೇಳಿಬಿಡಿ. ದೊಡ್ಡ ಫಲ ಸಿಗುತ್ತದೆ ಎಂಬ ಭ್ರಮೆ ನನಗಿಲ್ಲ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ನಮ್ಮ ಪಕ್ಕದ ಕಿರಾಣಿಯಲ್ಲಿ ಇಂದಿಗೂ ಹಳೆಯ ಹೆಸರು ಹೇಳಿಯೇ ಕೇಳುತ್ತಾರೆ. ಜನ ‘ಬೆಳ್ಳಗಿನ’ ಬದಲು ‘ಲಕ್ಷಣವಾದ’ ಎಂದು ಬರೆಸುತ್ತಾರೆ. ಬರೆಸಲಿ, ಒಂದು ಕಾರ್ಡಾದರೂ ಗೋಡೆಯಿಂದ ಇಳಿಯುತ್ತದೆ.

ನಾನು ಅಂಗಡಿಯಲ್ಲಿ ‘ಮೈಬಣ್ಣ ಬದಲಿಸಿಕೊಡುವುದಿಲ್ಲ’ ಎಂದು ಬೋರ್ಡ್ ಹಾಕಿ ನಾಲ್ಕು ತಿಂಗಳಾಯಿತು. ಮೂರು ಮನೆಯವರು ಎದ್ದು ಬೇರೆ ಸ್ಟುಡಿಯೊಗೆ ಹೋದರು. ಮೊನ್ನೆ ಒಬ್ಬ ತಾಯಿ ಬೋರ್ಡನ್ನು ಎರಡು ಸಲ ಓದಿ, ‘ಬಣ್ಣ ಬದಲಿ ಮಾಡಬ್ಯಾಡ್ರಿ ಅಣ್ಣಾ, ಲೈಟ್ ಒಂಚೂರು ಜಾಸ್ತಿ ಬಿಡ್ರಿ’ ಎಂದಳು. ಬಿಟ್ಟೆ.

– ಸ್ಟುಡಿಯೊ ಮಾಲೀಕ, ರಾಯಚೂರು