ಕ್ಲಿಫ್ಟನ್‌ನ ಮೈದಾನ ಶಾಲೆಯದು, ಕೌಂಟಿಯದಲ್ಲ

ಮಾನ್ಯ ಸಂಪಾದಕರೇ,

ಶಾಲಾ ಕ್ರಿಕೆಟ್‌ನ ದೊಡ್ಡ ದಾಖಲೆಗಳನ್ನು ಕುರಿತು ತಮ್ಮ ಪತ್ರಿಕೆಯ ಕ್ರೀಡಾ ಪುಟದಲ್ಲಿ ಈಚೆಗೆ ಬಂದ ಬರಹದಲ್ಲಿ, 1899ರಲ್ಲಿ ಎ.ಇ.ಜೆ. ಕಾಲಿನ್ಸ್ ಎಂಬ 13 ವರ್ಷದ ಹುಡುಗ ಔಟಾಗದೆ 628 ರನ್ ಗಳಿಸಿದ್ದು ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಮೈದಾನದಲ್ಲಿ ಎಂದು ಹೇಳಲಾಗಿದೆ. ಮೈದಾನ ತೀರ ಚಿಕ್ಕದಾಗಿದ್ದುದರಿಂದಲೇ ಅಷ್ಟು ರನ್ ಬಂದವು ಎಂಬ ಮಾತೂ ಅದರ ಬೆನ್ನಿಗೇ ಇದೆ. ಮೊದಲನೆಯದು ನೇರವಾದ ತಪ್ಪು. ಎರಡನೆಯದು ಅರ್ಧ ಸತ್ಯ. ಅದು ಆ ಹುಡುಗನಿಗೆ ಅನ್ಯಾಯ ಮಾಡುತ್ತದೆ. ಹಲವು ವರ್ಷ ಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದು, ಮಕ್ಕಳ ಪಂದ್ಯಗಳ ಸ್ಕೋರ್ ಪುಸ್ತಕವನ್ನು ಕೈಯಾರೆ ಬರೆದವನು ನಾನು. ಈ ಎರಡು ಮಾತುಗಳನ್ನೂ ಹಾಗೆಯೇ ಬಿಡಲು ಮನಸ್ಸಾಗದೆ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ದೀರ್ಘವಾದರೂ ದಯವಿಟ್ಟು ಪ್ರಕಟಿಸಬೇಕು.

ಆ ಪಂದ್ಯ ನಡೆದದ್ದು ಕ್ಲಿಫ್ಟನ್ ಕಾಲೇಜಿನ ಜಾಗದಲ್ಲಿ. ಹೆಸರಿನಲ್ಲಿ ಕಾಲೇಜು ಎಂದಿದ್ದರೂ ಅದು 1862ರಲ್ಲಿ ಬ್ರಿಸ್ಟಲ್‌ನ ಕ್ಲಿಫ್ಟನ್ ಬಡಾವಣೆಯಲ್ಲಿ ತೆರೆದ ಶಾಲೆ. ಜಾನ್ ಪರ್ಸಿವಲ್ ಅದರ ಮೊದಲ ಮುಖ್ಯೋಪಾಧ್ಯಾಯರು. ಶಾಲೆಯ ಕಟ್ಟಡಗಳ ಮುಂದೆ ಹರಡಿಕೊಂಡಿರುವ ದೊಡ್ಡ ಮೈದಾನವನ್ನು ಅಲ್ಲಿಯವರು ‘ಕ್ಲೋಸ್’ ಎಂದು ಕರೆಯುತ್ತಾರೆ. ಗ್ಲಾಸ್ಟರ್‌ಶೈರ್ ಕೌಂಟಿ ತಂಡವು 1871ರಿಂದ 1932ರವರೆಗೆ ಈ ಮೈದಾನದಲ್ಲಿ 96 ಪ್ರಥಮ ದರ್ಜೆ ಪಂದ್ಯಗಳನ್ನು ಆಡಿತು. ತಮ್ಮ ಲೇಖಕರ ಗೊಂದಲಕ್ಕೆ ಇದೇ ಕಾರಣವಿರಬೇಕು. ಆದರೆ ಅಷ್ಟು ವರ್ಷ ಆಡಿದರೂ ಕೌಂಟಿ ಅಲ್ಲಿ ಅತಿಥಿಯಾಗಿಯೇ ಇತ್ತು, ನೆಲದ ಒಡೆತನ ಶಾಲೆಯದೇ ಆಗಿತ್ತು. ಅದಕ್ಕಿಂತ ಮುಖ್ಯವಾಗಿ, ಕಾಲಿನ್ಸ್ ಆಡಿದ್ದು ಈ ದೊಡ್ಡ ಕ್ಲೋಸ್‌ನಲ್ಲೂ ಅಲ್ಲ. ಗತ್ರಿ ರಸ್ತೆಯ ಬದಿಯಲ್ಲಿ ಕಿರಿಯ ಹುಡುಗರ ಆಟಕ್ಕೆ ಬಿಟ್ಟಿದ್ದ, ಅದೇ ಶಾಲೆಯ ಇನ್ನೊಂದು ತುಂಡು ನೆಲದಲ್ಲಿ ಅವನು ಆಡಿದ. ಅದಕ್ಕೆ ಈಗ ‘ಕಾಲಿನ್ಸ್ ಪೀಸ್’ ಎಂದೇ ಹೆಸರು.

ಒಡೆತನದ ವಿಷಯವನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಯಾವ ಪಂದ್ಯ, ಯಾವ ತಿಂಗಳಲ್ಲಿ, ದಿನದ ಯಾವ ಹೊತ್ತಿನಲ್ಲಿ, ಎಷ್ಟು ದಿನ ನಡೆಯಬೇಕು ಎಂಬುದನ್ನೆಲ್ಲ ಶಾಲೆಯ ಮೈದಾನದಲ್ಲಿ ಶಾಲೆಯ ವೇಳಾಪಟ್ಟಿಯೇ ನಿರ್ಧರಿಸುತ್ತದೆ. ಕ್ಲಿಫ್ಟನ್‌ನಲ್ಲಿ ನಡೆದ ದೊಡ್ಡ ಆಟಗಳೂ ಸಣ್ಣ ಆಟಗಳೂ ಈ ವೇಳಾಪಟ್ಟಿಯ ಸಂದುಗಳಲ್ಲೇ ಹುಟ್ಟಿದವು. ಇದನ್ನು ಬಿಟ್ಟು ಆ ಮೈದಾನದ ಚರಿತ್ರೆಯನ್ನು ಹೇಳಲು ಹೊರಟರೆ ಕೈಗೆ ಸಿಗುವುದು ಬರಿಯ ಅಂಕಿಗಳು.

ಆ ಕಾಲದ ಇಂಗ್ಲೆಂಡಿನ ಅತಿ ಹೆಸರಾಂತ ಆಟಗಾರ ಡಬ್ಲ್ಯು.ಜಿ. ಗ್ರೇಸ್ ಅವರ ಕುಟುಂಬದ ಸುತ್ತ ಬೆಳೆದ ಗ್ಲಾಸ್ಟರ್‌ಶೈರ್ ಕ್ಲಬ್ಬಿಗೆ 1870ರ ದಶಕದಲ್ಲಿ ಸ್ವಂತ ಮೈದಾನ ಇರಲಿಲ್ಲ. ಬೇಸಿಗೆಯ ರಜೆಯಲ್ಲಿ ಹುಡುಗರು ಊರಿಗೆ ಹೋದಾಗ ಖಾಲಿಯಾಗುತ್ತಿದ್ದ, ಒಳ್ಳೆಯ ಹುಲ್ಲೂ ಸಮನಾದ ಪಿಚ್ಚೂ ಇದ್ದ ಶಾಲಾ ಮೈದಾನಗಳು ಅದಕ್ಕೆ ಒದಗಿ ಬಂದವು. ಆದ್ದರಿಂದಲೇ ಅಲ್ಲಿಯ ಹೆಸರಾಂತ ಕೌಂಟಿ ಪಂದ್ಯಗಳು ಹೆಚ್ಚಾಗಿ ಆಗಸ್ಟ್ ತಿಂಗಳಿನವು. ಕ್ಲೋಸ್‌ನಲ್ಲಿ ಗ್ರೇಸ್ ಕೌಂಟಿಯ ಪರವಾಗಿ 13 ಶತಕಗಳನ್ನು ಹೊಡೆದರು. 1876ರ ಆಗಸ್ಟಿನಲ್ಲಿ ಅವರು ಎಂಟು ದಿನಗಳೊಳಗೆ ಆಡಿದ ಮೂರು ಇನಿಂಗ್ಸ್‌ಗಳನ್ನು ಕ್ರಿಕೆಟ್ ಬಲ್ಲವರೆಲ್ಲ ಕೇಳಿರುತ್ತಾರೆ. ಮೊದಲು ಕ್ಯಾಂಟರ್‌ಬರಿಯಲ್ಲಿ ಎಂಸಿಸಿ (ಮೆರಿಲ್‌ಬೋನ್ ಕ್ರಿಕೆಟ್ ಕ್ಲಬ್) ಪರವಾಗಿ ಕೆಂಟ್ ವಿರುದ್ಧ 344, ಅಲ್ಲಿಂದ ಬಂದು ನಾಟಿಂಗ್‌ಹ್ಯಾಮ್‌ಶೈರ್ ವಿರುದ್ಧ 177, ಅದಾದ ಮೇಲೆ ಯಾರ್ಕ್‌ಶೈರ್ ವಿರುದ್ಧ ಅಜೇಯ 318: ಒಟ್ಟು 839 ರನ್. ಇವುಗಳಲ್ಲಿ 177 ಬಂದದ್ದು ಕ್ಲಿಫ್ಟನ್‌ನ ಕ್ಲೋಸ್‌ನಲ್ಲಿ, 318 ಬಂದದ್ದು ಚೆಲ್ಟನ್‌ಹ್ಯಾಮ್ ಕಾಲೇಜಿನ ಮೈದಾನದಲ್ಲಿ. ಅಂದರೆ ಪ್ರಥಮ ದರ್ಜೆ ಕ್ರಿಕೆಟ್‌ನ ಮೊಟ್ಟಮೊದಲ ಎರಡು ತ್ರಿಶತಕಗಳಲ್ಲಿ ಒಂದು ಶಾಲೆಯ ನೆಲದಲ್ಲಿ ಹುಟ್ಟಿತು. ಗ್ರೇಸ್ ಅವರ ಮಗನೂ ಮುಂದೆ ಕ್ಲಿಫ್ಟನ್ ಶಾಲೆಯಲ್ಲೇ ಓದಿದ.

ಚೆಲ್ಟನ್‌ಹ್ಯಾಮ್‌ನ ಮಾತು ಬಂದದ್ದರಿಂದ ಅದನ್ನೂ ಸ್ವಲ್ಪ ಹೇಳಬೇಕು. 1841ರಲ್ಲಿ ಸ್ಥಾಪನೆಯಾದ ಈ ಶಾಲೆಯ ಮೈದಾನದಲ್ಲಿ 1872ರಿಂದ ಕೌಂಟಿ ಕ್ರಿಕೆಟ್ ನಡೆಯುತ್ತಿದ್ದು, ಚೆಲ್ಟನ್‌ಹ್ಯಾಮ್ ಉತ್ಸವವೆಂಬ ಹೆಸರಿನಲ್ಲಿ ಅದು ಇಂದಿಗೂ ಮುಂದುವರಿದಿದೆ. ಶಾಲೆಯ ಹಳೆಯ ವ್ಯಾಯಾಮ ಶಾಲೆಯ ಕಟ್ಟಡವೇ ಆಟಗಾರರಿಗೆ ಪೆವಿಲಿಯನ್. 1893ರಲ್ಲಿ ಇಲ್ಲಿ ಸಾಮರ್‌ಸೆಟ್ ವಿರುದ್ಧ ಚಾರ್ಲ್ಸ್ ಟೌನ್‌ಸೆಂಡ್ ಹ್ಯಾಟ್ರಿಕ್ ಪಡೆದರು. ಮೂವರು ಆಟಗಾರರೂ ಸ್ಟಂಪ್ಡ್ ಆದರು, ಮೂವರನ್ನೂ ಸ್ಟಂಪ್ ಮಾಡಿದ್ದು ವಿಕೆಟ್ ಕೀಪರ್ ವಿಲಿಯಂ ಬ್ರೇನ್. ಆಗ ಟೌನ್‌ಸೆಂಡ್‌ಗೆ 16 ವರ್ಷ, ಅವರು ಕ್ಲಿಫ್ಟನ್‌ನ ಹುಡುಗ. ಒಂದು ಶಾಲೆಯಲ್ಲಿ ಬೌಲಿಂಗ್ ಕಲಿತವನು ಇನ್ನೊಂದು ಶಾಲೆಯ ಮೈದಾನದಲ್ಲಿ ದೊಡ್ಡವರ ಕೌಂಟಿಗಾಗಿ ಆಡಿದ್ದು ಇದು. 1928ರ ಆಗಸ್ಟಿನಲ್ಲಿ ಗ್ಲಾಸ್ಟರ್‌ಶೈರ್‌ನ ಆಟಗಾರ ವಾಲಿ ಹ್ಯಾಮಂಡ್ ಅದೇ ಮೈದಾನದಲ್ಲಿ ಸರ್ರೆ ವಿರುದ್ಧ 139 ಮತ್ತು 143 ರನ್ ಗಳಿಸಿದ್ದಲ್ಲದೆ ಒಂದೇ ಪಂದ್ಯದಲ್ಲಿ 10 ಕ್ಯಾಚ್ ಹಿಡಿದರು. ಅದರ ಬೆನ್ನಿಗೇ ವೂಸ್ಟರ್‌ಶೈರ್ ವಿರುದ್ಧ 23 ರನ್ನಿಗೆ 9 ವಿಕೆಟ್ ತೆಗೆದರು. ಇಷ್ಟೂ ಶಾಲೆಯ ಹುಲ್ಲಿನ ಮೇಲೆ.

ಬ್ರಿಸ್ಟಲ್‌ನಲ್ಲಿ ‘ಕೌಂಟಿ ಮೈದಾನ’ ಎಂದು ಕರೆಯಬೇಕಾದ್ದು ಬೇರೆಯೇ ಇದೆ. ಅದು ಆಶ್ಲಿ ಡೌನ್‌ನಲ್ಲಿದ್ದು 1889ರಿಂದ ಬಳಕೆಗೆ ಬಂತು. ಸ್ವಂತ ಜಾಗ ಸಿಕ್ಕಿದ ಮೇಲೂ ಕೌಂಟಿಯವರು ನಾಲ್ಕು ದಶಕಕ್ಕೂ ಮಿಕ್ಕಿ ಕ್ಲಿಫ್ಟನ್‌ಗೆ ಆಡಲು ಬರುತ್ತಲೇ ಇದ್ದರು.

ಈಗ 1899ರ ಜೂನ್ ತಿಂಗಳಿಗೆ ಬರೋಣ. ಜೂನ್ ಎಂದರೆ ಶಾಲೆ ನಡೆಯುವ ಕಾಲ, ಕೌಂಟಿ ಆಟಗಾರರಿಗೆ ಅಲ್ಲಿ ಜಾಗವಿಲ್ಲ. ಜೂನ್ 22ರ ಗುರುವಾರ ಮಧ್ಯಾಹ್ನ ಪಾಠ ಮುಗಿದ ಮೇಲೆ ಕಿರಿಯರ ಅಂತರ್‌ಹೌಸ್ ಪಂದ್ಯವೊಂದು ಆರಂಭವಾಯಿತು. ಒಂದು ಕಡೆ ಕ್ಲಾರ್ಕ್ಸ್ ಹೌಸ್, ಅಂದರೆ ಶಾಲೆಯಲ್ಲೇ ಉಳಿದು ಓದುವ ಹುಡುಗರು. ಇನ್ನೊಂದು ಕಡೆ ನಾರ್ತ್ ಟೌನ್, ಅಂದರೆ ಮನೆಯಿಂದ ದಿನಾ ಬಂದು ಹೋಗುವ ಹುಡುಗರು. ಮನೆಯಿಂದ ಬರುವ ಹುಡುಗರಿಗೂ ತಮ್ಮದೇ ಹೌಸ್, ತಮ್ಮದೇ ತಂಡ ಇರಬೇಕೆಂಬ ವ್ಯವಸ್ಥೆ ಆ ಶಾಲೆಯಲ್ಲಿ ಇದ್ದದ್ದರಿಂದಲೇ ಇಂಥದೊಂದು ಪಂದ್ಯ ಸಾಧ್ಯವಾಯಿತು. ಕ್ಲಾರ್ಕ್ಸ್ ಹೌಸ್‌ನ ಕಾಲಿನ್ಸ್ ಟಾಸ್ ಗೆದ್ದು ಬ್ಯಾಟಿಂಗ್ ಆಯ್ದುಕೊಂಡ. ಸಂಜೆಗೆ ಆಟ ನಿಂತಾಗ ಅವನದು 200 ದಾಟಿತ್ತು. ಅವನ ಕ್ಯಾಚ್‌ಗಳು ಹಲವು ಬಾರಿ ಎದುರಾಳಿಗಳ ಕೈತಪ್ಪಿದ್ದವು, ಅದನ್ನು ಮುಚ್ಚಿಡಬೇಕಾಗಿಲ್ಲ, ಮೈದಾನದಲ್ಲಿದ್ದವರೆಲ್ಲ ಮಕ್ಕಳು. ಮರುದಿನ ಅವನು ಇಂಗ್ಲೆಂಡಿನ ಆಟಗಾರ ಎ.ಇ. ಸ್ಟೊಡಾರ್ಟ್ 1886ರಲ್ಲಿ ಗಳಿಸಿದ್ದ 485ರ, ಒಬ್ಬ ಆಟಗಾರನ ಅತಿ ಹೆಚ್ಚಿನ ರನ್ನುಗಳ ದಾಖಲೆಯನ್ನು ದಾಟಿದ. ನಡುವೆ ಶನಿವಾರ, ಭಾನುವಾರ ಕಳೆದವು. ಸೋಮವಾರ ಮತ್ತೆ ಆಟ, ಮಂಗಳವಾರ ಮತ್ತೆ ಆಟ. ತಂಡ 836ಕ್ಕೆ ಆಲೌಟಾದಾಗ ಕಾಲಿನ್ಸ್ ಇನ್ನೂ ಔಟಾಗಿರಲಿಲ್ಲ. ಎಲ್ಲ ಸೇರಿ ಅವನು ಕ್ರೀಸಿನಲ್ಲಿದ್ದದ್ದು 6 ಗಂಟೆ 50 ನಿಮಿಷ. ಪೂರ್ತಿ ದಿನದ ಆಟವಾಗಿದ್ದರೆ ಒಂದೂವರೆ ದಿನಕ್ಕೆ ಮುಗಿಯುತ್ತಿದ್ದ ಇನಿಂಗ್ಸ್ ನಾಲ್ಕು ಮಧ್ಯಾಹ್ನಗಳಿಗೆ ಹರಡಿಕೊಂಡಿತು; ಶಾಲೆ ಬಿಟ್ಟ ಮೇಲಿನ ಹೊತ್ತಷ್ಟೇ ಆಟಕ್ಕೆ ಸಿಗುತ್ತಿತ್ತು. ಹಾಗೆ ಹರಡಿಕೊಂಡದ್ದರಿಂದಲೇ ಸುದ್ದಿ ಊರಿಗೆ ಹಬ್ಬಿ, ಕಿರಿಯರ ಪಂದ್ಯಕ್ಕೆ ಜನ ಸೇರುವಂತಾಯಿತು. ನಾರ್ತ್ ಟೌನ್ ಎರಡು ಇನಿಂಗ್ಸ್‌ಗಳಲ್ಲಿ 87 ಮತ್ತು 61ಕ್ಕೆ ಮುಗಿದು, ಐದನೆಯ ಮಧ್ಯಾಹ್ನ ಒಂದು ಇನಿಂಗ್ಸ್ ಹಾಗೂ 688 ರನ್ನುಗಳಿಂದ ಸೋತಿತು. ಬೌಲಿಂಗ್‌ನಲ್ಲೂ ಕಾಲಿನ್ಸ್ 11 ವಿಕೆಟ್ ಪಡೆದ.

ಮೈದಾನದ ಅಳತೆಯ ವಿಷಯಕ್ಕೆ ಬಂದರೆ, ಆ ನೆಲ ವಿಚಿತ್ರ ಆಕಾರದ್ದಾಗಿತ್ತು ಎಂಬುದು ನಿಜ. ಒಂದು ಪಕ್ಕದ ಗಡಿ ಬಹಳ ಹತ್ತಿರವಿತ್ತು. ಆದರೆ ಆ ಗಡಿಗೆ ಹೋದ ಚೆಂಡಿಗೆ ನಾಲ್ಕು ರನ್ ಕೊಡುತ್ತಿರಲಿಲ್ಲ, ಎರಡೇ ಕೊಡುತ್ತಿದ್ದರು. ಇನ್ನೊಂದು ಪಕ್ಕ ಶಾಲೆಯ ಆಸ್ಪತ್ರೆಯ ಕಡೆಗೆ ಉದ್ದಕ್ಕೂ ಇಳಿಜಾರು. ಆ ಕಡೆ ಹೊಡೆದ ರನ್ನುಗಳನ್ನೆಲ್ಲ ಓಡಿಯೇ ಗಳಿಸಬೇಕಿತ್ತು. ಸ್ಕೋರ್ ಪುಸ್ತಕದ ಲೆಕ್ಕ ನೋಡಿ: ಒಂದು ಆರು, ನಾಲ್ಕು ಐದುಗಳು, 31 ನಾಲ್ಕುಗಳು, 33 ಮೂರುಗಳು, 146 ಎರಡುಗಳು, 87 ಒಂಟಿ ರನ್ನುಗಳು. ಕೂಡಿದರೆ ಸರಿಯಾಗಿ 628. ಎರಡುಗಳಿಂದಲೇ ಬಂದದ್ದು 292 ರನ್. ಚಿಕ್ಕ ಮೈದಾನದಲ್ಲಿ ಸುಲಭವಾಗಿ ಬೌಂಡರಿ ಬಾರಿಸಿದ ಇನಿಂಗ್ಸಿನ ರೂಪ ಹೀಗಿರುವುದಿಲ್ಲ. ಐದು ರನ್ನುಗಳು ನಾಲ್ಕು ಬಾರಿ, ಮೂರು ರನ್ನುಗಳು 33 ಬಾರಿ ಬರುವುದು ಓಡುವ ಕಾಲುಗಳಿಂದ. ಆ ಇಳಿಜಾರಿನಲ್ಲಿ 13 ವರ್ಷದ ಹುಡುಗ, ಪ್ಯಾಡ್ ಕಟ್ಟಿಕೊಂಡು, ತನ್ನ ರನ್ನುಗಳ ಜೊತೆಗೆ ಜೊತೆಗಾರರ ರನ್ನುಗಳನ್ನೂ ಓಡಿದ್ದಾನೆ. ಚಿಕ್ಕ ಮೈದಾನ ಎಂಬ ಒಂದೇ ಮಾತಿನಲ್ಲಿ ಇದನ್ನು ತಳ್ಳಿಹಾಕುವುದು ಸರಿಯೇ?

ಸ್ಕೋರ್ ಬರೆದವರಲ್ಲೊಬ್ಬರು ಮುಂದೆ, ಅದು 628, ಹೆಚ್ಚುಕಡಿಮೆ ಇಪ್ಪತ್ತು ಈಚೆ ಆಚೆ ಇರಬಹುದು ಎಂದು ಹೇಳಿದ್ದಾಗಿ ವರದಿಯಿದೆ. ನನಗೆ ಇದರಿಂದ ದಾಖಲೆಯ ಬೆಲೆ ಕಡಿಮೆಯಾಯಿತೆಂದು ಅನಿಸುವುದಿಲ್ಲ. ದಿನಗಟ್ಟಲೆ ಒಬ್ಬನೇ ಆಟಗಾರನ ಎದುರು ಒಂದೊಂದೇ ಗುರುತು ಹಾಕುತ್ತಾ ಕುಳಿತವರ ಪ್ರಾಮಾಣಿಕತೆ ಆ ಮಾತಿನಲ್ಲಿದೆ. ಯಾರ ಕಣ್ಣಿಗೂ ಬೀಳದೆ ಮುಗಿಯಬೇಕಿದ್ದ ಕಿರಿಯರ ಪಂದ್ಯಕ್ಕೂ ಶಾಲೆಯು ಸ್ಕೋರ್ ಬರೆಯುವವರನ್ನು ಕೂರಿಸಿತ್ತು, ಬರೆದ ಪುಸ್ತಕವನ್ನು ಎಸೆಯದೆ ಇಟ್ಟುಕೊಂಡಿತು ಎಂಬುದೇ ನನಗೆ ಹೆಚ್ಚಿನದು. ನಾವು ಶಿಕ್ಷಕರು ವರ್ಷದ ಕೊನೆಗೆ ಅಂಥ ಪುಸ್ತಕಗಳನ್ನು ಏನು ಮಾಡುತ್ತಿದ್ದೆವೆಂದು ನೆನೆದರೆ ಮನಸ್ಸಿಗೆ ನೋವಾಗುತ್ತದೆ.

ಕಾಲಿನ್ಸ್ ಹುಟ್ಟಿದ್ದು ನಮ್ಮ ದೇಶದ ಹಜಾರಿಬಾಗ್‌ನಲ್ಲಿ, 1885ರ ಆಗಸ್ಟ್ 18ರಂದು. ತಂದೆ ಇಂಡಿಯನ್ ಸಿವಿಲ್ ಸರ್ವಿಸ್‌ನಲ್ಲಿ ನ್ಯಾಯಾಧೀಶರಾಗಿದ್ದರು. ಕ್ಲಿಫ್ಟನ್ ಸೇರುವ ಹೊತ್ತಿಗೆ ಹುಡುಗ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡಿದ್ದ. ಮನೆಯಿಂದ ಬರುವ ಹುಡುಗರ ತಂಡದ ಎದುರು ಅವನು ಆ ಐದು ಮಧ್ಯಾಹ್ನಗಳಲ್ಲಿ ಆಡಿದ್ದನ್ನು ಓದುವಾಗ ನನಗೆ ಈ ಸಂಗತಿ ಪ್ರತಿ ಬಾರಿಯೂ ನೆನಪಾಗುತ್ತದೆ. ಅವನು ಪ್ರಥಮ ದರ್ಜೆ ಕ್ರಿಕೆಟ್ ಆಡಲೇ ಇಲ್ಲ. ಸೇನೆಯ ರಾಯಲ್ ಎಂಜಿನಿಯರ್ಸ್ ಸೇರಿ, 1913ರಲ್ಲಿ ಅದರ ತಂಡದ ಪರವಾಗಿ ಲಾರ್ಡ್ಸ್‌ನಲ್ಲಿ ಒಮ್ಮೆ ಅರ್ಧ ಶತಕ ಹೊಡೆದ. 1914ರ ನವೆಂಬರ್ 11ರಂದು, 29ನೆಯ ವಯಸ್ಸಿನಲ್ಲಿ, ಮೊದಲ ಮಹಾಯುದ್ಧದ ಈಪ್ರ್ ಕದನದಲ್ಲಿ ಮಡಿದ. ದೇಹ ಸಿಗಲಿಲ್ಲ, ಬೆಲ್ಜಿಯಂನ ಮೆನಿನ್ ಗೇಟ್ ಸ್ಮಾರಕದ ಮೇಲೆ ಹೆಸರಿದೆ. ಆ ಯುದ್ಧದಲ್ಲಿ ಸತ್ತ ಹಳೆಯ ವಿದ್ಯಾರ್ಥಿಗಳ ನೆನಪಿಗೆ ಕ್ಲಿಫ್ಟನ್‌ನಲ್ಲಿ ಕಟ್ಟಿದ ಕಮಾನನ್ನು 1922ರಲ್ಲಿ ಅದೇ ಶಾಲೆಯ ಹಳೆಯ ವಿದ್ಯಾರ್ಥಿ, ಆ ಯುದ್ಧದಲ್ಲಿ ಬ್ರಿಟಿಷ್ ಸೇನಾಪತಿಯಾಗಿದ್ದ ಡಗ್ಲಸ್ ಹೇಗ್ ಉದ್ಘಾಟಿಸಿದರು. ಎರಡನೆಯ ಮಹಾಯುದ್ಧದಲ್ಲಿ ಶಾಲೆಯೇ ಕಾರ್ನ್‌ವಾಲ್‌ನ ಬ್ಯೂಡ್‌ಗೆ ಸ್ಥಳಾಂತರವಾಗಿ, ಕಟ್ಟಡಗಳಲ್ಲಿ ಅಮೆರಿಕದ ಸೇನೆಯ ಮುಖ್ಯ ಕಚೇರಿ ಕೆಲಸ ಮಾಡಿತು. ಯುದ್ಧ ಮುಗಿದ ಮೇಲೆ ಹುಡುಗರು ತಮ್ಮ ಮೈದಾನಕ್ಕೆ ಮರಳಿದರು.

ಕಾಲಿನ್ಸ್‌ನ ದಾಖಲೆ 116 ವರ್ಷ ಉಳಿಯಿತು. ಅದನ್ನು ಮುರಿದದ್ದು 2016ರ ಜನವರಿಯಲ್ಲಿ ಮುಂಬೈ ಬಳಿಯ ಕಲ್ಯಾಣ್‌ನ ಪ್ರಣವ್ ಧನವಾಡೆ, ಅದೂ ಶಾಲೆಗಳ ನಡುವಿನ ಪಂದ್ಯದಲ್ಲೇ. 327 ಎಸೆತಗಳಲ್ಲಿ ಅಜೇಯ 1009. ಅದರಲ್ಲಿ 129 ಬೌಂಡರಿ, 59 ಸಿಕ್ಸರ್. ಅಂದರೆ 870 ರನ್ ಗಡಿಯಾಚೆಯಿಂದಲೇ ಬಂದವು. ಇಬ್ಬರಲ್ಲಿ ಯಾರು ದೊಡ್ಡವರೆಂದು ಅಳೆಯಲು ಇದನ್ನು ಹೇಳುತ್ತಿಲ್ಲ. ಎರಡು ಮೈದಾನಗಳು ಎರಡು ಬಗೆಯ ಇನಿಂಗ್ಸ್‌ಗಳನ್ನು ಬರೆಸಿದವು ಎಂಬುದು ಅಂಕಿಗಳಲ್ಲೇ ಕಾಣುತ್ತದೆ. ತಮ್ಮ ಬರಹದಲ್ಲಿ ಬಂದಿರುವ ಸಚಿನ್ ತೆಂಡೂಲ್ಕರ್ ಮತ್ತು ವಿನೋದ್ ಕಾಂಬ್ಳಿ ಅವರ 1988ರ 664 ರನ್ನುಗಳ ಜೊತೆಯಾಟ ಮುಂಬೈನ ಆಜಾದ್ ಮೈದಾನದಲ್ಲಿ, ಅಕ್ಕಪಕ್ಕದಲ್ಲಿ ಹಲವು ಪಂದ್ಯಗಳು ಒಟ್ಟಿಗೇ ನಡೆಯುವ ಸಾರ್ವಜನಿಕ ಬಯಲಿನಲ್ಲಿ ಆದದ್ದು. ಅವರ ಶಾಲೆಯ ಸ್ವಂತ ನೆಲ ಅದಲ್ಲ. ಮೂರೂ ಶಾಲಾ ಕ್ರಿಕೆಟ್ಟೇ ಆದರೂ ಮೂರರ ಹಿನ್ನೆಲೆ ಬೇರೆಬೇರೆ. ದಾಖಲೆಗಳನ್ನು ಒಂದೇ ಕೋಷ್ಟಕದಲ್ಲಿ ಕೊಡುವಾಗ ಮೈದಾನದ ಹೆಸರನ್ನೂ ಅದು ಯಾರದೆಂಬುದನ್ನೂ ಸರಿಯಾಗಿ ಕೊಟ್ಟರೆ ಓದುಗರು ಉಳಿದದ್ದನ್ನು ತಾವೇ ತೂಗಿ ನೋಡುತ್ತಾರೆ. ಮುಂದೆ ಇಂಥ ಪಟ್ಟಿಗಳನ್ನು ಮುದ್ರಿಸುವಾಗ ಇದಕ್ಕೊಂದು ಕಾಲಂ ಮೀಸಲಿಡಬೇಕೆಂದು ಕೋರುತ್ತೇನೆ.

ತಿದ್ದುಪಡಿ ಪ್ರಕಟಿಸುವುದಾದರೆ ಹೆಚ್ಚಿನ ವಿವರ ಬೇಡ. ‘ಬ್ರಿಸ್ಟಲ್ ಕೌಂಟಿ ಮೈದಾನ’ ಎಂದಿರುವಲ್ಲಿ ‘ಕ್ಲಿಫ್ಟನ್ ಕಾಲೇಜು, ಗತ್ರಿ ರಸ್ತೆಯ ಬದಿಯ ಕಿರಿಯರ ಮೈದಾನ’ ಎಂದು ಓದಿಕೊಳ್ಳಬೇಕು ಎಂಬ ಒಂದು ಸಾಲು ಸಾಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ